ಬಾಗಿಲಲ್ಲಿ ನಿಂತು ಕಂಡ ಮನೆ

ನಾಟಕದ ಪರದೆ ಬರೆಯುವವಳಿಗೆ ಸಾಕುಸಾಕಾಗಿತ್ತು. ನಡುಮನೆಯ ಚಿತ್ರವನ್ನು ಎಷ್ಟು ಸಲ ಬರೆದರೂ ಕಂಪನಿಯ ಯಜಮಾನರು ಅದರ ಮೇಲೆ ಸುಣ್ಣ ಬಳಿಸುತ್ತಿದ್ದರು.

"ಹೊರಗಿನೋಳು ನೀನು. ನಮ್ಮ ಮನೆ ಒಳಗೆ ಹೇಗಿರುತ್ತೆ ಅಂತ ನಿನಗೇನು ಗೊತ್ತು ತಾಯಿ? ನಾಳೆ ನಾಟಕ. ಇವತ್ತೂ ಆಗದಿದ್ರೆ ಗಂಟುಮೂಟೆ ಕಟ್ಟು," ಎಂದು ಹೇಳಿ ಹೋದರು.

ಸುಳ್ಳೇನಲ್ಲ. ಈ ಊರಿಗೆ ಬಂದಾಗಿನಿಂದ ಅವಳನ್ನು ಯಾರೂ ಹೊಸ್ತಿಲು ದಾಟಿಸಿರಲಿಲ್ಲ; ಎಲ್ಲರೂ ಬಾಗಿಲಲ್ಲೇ ಮಾತಾಡಿಸಿ ಸಾಗಹಾಕುತ್ತಿದ್ದರು. ಕಾಣದ್ದನ್ನು ಎಲ್ಲಿಂದ ತರುವುದು? ಬಣ್ಣದ ಡಬ್ಬಗಳ ನಡುವೆ ಕೂತಳು. ಆಮೇಲೆ ಸಿಟ್ಟು ನೆತ್ತಿಗೇರಿತು. ಹೇಗೂ ಓಡಿಸುತ್ತಾರೆ, ಕಂಡದ್ದನ್ನೇ ಬರೆದು ಹೋಗುತ್ತೇನೆ ಎಂದು ಕುಂಚ ಎತ್ತಿಕೊಂಡಳು. ಅರ್ಧ ತೆರೆದ ಬಾಗಿಲು, ಅದರ ಸಂದಿಯಲ್ಲಿ ಒಂದು ಗೀಟು ಬೆಳಕು, ಊಟಕ್ಕೆ ಕೂತವರ ಬೆನ್ನುಗಳು. ಒಬ್ಬರ ಮುಖವೂ ಇತ್ತ ತಿರುಗಿರಲಿಲ್ಲ.

ಸಂಜೆ ತಾಲೀಮಿಗೆ ಎಲ್ಲರಿಗಿಂತ ಮೊದಲು ಯಜಮಾನರು ಬಂದರು. ದಾಪುಗಾಲಲ್ಲಿ ರಂಗ ಹತ್ತಿದವರು ಪರದೆ ಕಂಡು ಗಕ್ಕನೆ ನಿಂತರು. ಹುಟ್ಟಿದಾಗಿನಿಂದ ಯಾರ ಬಾಗಿಲಲ್ಲೂ ಕಾದವರಲ್ಲ ಅವರು. ಬಹಳ ಹೊತ್ತು ನಿಂತೇ ಇದ್ದು, ಪಕ್ಕದಲ್ಲಿ ಗಂಟುಮೂಟೆ ಕಟ್ಟುತ್ತಿದ್ದ ಅವಳನ್ನು ದನಿ ತಗ್ಗಿಸಿ ಕೇಳಿದರು:

"ಒಳಗೆ ಬರಬಹುದೇನಮ್ಮ?"