ಪೊಟರೆಯಲ್ಲಿದ್ದ ಚೀಟಿಗಳು

ಹೋದ ಬೇಸಿಗೆಯ ಅವಮಾನವನ್ನು ಹಾಲ್ಷ್ಕಾ ಇಡೀ ಚಳಿಗಾಲ ಹೊಟ್ಟೆಯೊಳಗೇ ಇಟ್ಟುಕೊಂಡು ಸಾಕಿದ್ದಳು. ಹತ್ತೊಂಬತ್ತು ವರ್ಷದವಳು, ಸ್ಕೌಟ್ ಹುಡುಗಿಯರ ದಳದ ನಾಯಕಿ. ಕಶೂಬಿಯಾ ಸೀಮೆಯ ಒಂದು ಸರೋವರದ ದಡದಲ್ಲಿ ಅವಳ ಶಿಬಿರ. ಕಾಲು ಗಂಟೆ ನಡೆದರೆ ಪೈನ್ ಮರಗಳಾಚೆ ಹುಡುಗರ ಶಿಬಿರ. ಅದರ ನಾಯಕ ಸೆವೆರಿನ್. ಅವನ ಹೆಸರೆತ್ತಿದರೆ ಸಾಕು, ಇವಳಿಗೆ ಮೈಯೆಲ್ಲ ಉರಿ.

ಶಿಬಿರದ ಬಾವುಟ ಕದಿಯುವುದು ನಮ್ಮ ಸ್ಕೌಟ್‌ಗಳಲ್ಲಿ ಕಳ್ಳತನವಲ್ಲ, ಗಂಡಿಗೂ ಹೆಣ್ಣಿಗೂ ಅದೇ ಜಂಬದ ವಿಷಯ. ಬಾವುಟ ಕಳಕೊಂಡವರು, ಗೆದ್ದವರು ಕೇಳಿದ್ದನ್ನು ಮಾಡಿ ಬಿಡಿಸಿಕೊಂಡು ಹೋಗಬೇಕು. ಪಾತ್ರೆ ತೊಳಿ ಅಂತಾರೆ, ಹಾಡು ಹೇಳು ಅಂತಾರೆ, ನಕ್ಕು ಮುಗಿಸ್ತಾರೆ. ಹೋದ ವರ್ಷ ಸೆವೆರಿನ್ ಬಾವುಟವನ್ನೂ ಕದ್ದ, ಅದರ ಜೊತೆ ಹಾಲ್ಷ್ಕಾ ತನ್ನ ಗೆಳತಿ ಮೆಲ್ಕಾಗೆ ಬರೆದಿದ್ದ ಒಂದು ಚೀಟಿಯನ್ನೂ ಹೊತ್ತೊಯ್ದ. ಗುಟ್ಟಿನ ಲಿಪಿಯ ಚೀಟಿ ನಿಜ. ಆದರೆ ಅದು ನಮ್ಮ ಎಂಟು ವರ್ಷದ ಮಕ್ಕಳಿಗೂ ಕಲಿಸೋ ಗಾ-ದೆ-ರಿ-ಪೊ-ಲು-ಕಿ. ನಮ್ಮ ಬರಹದಲ್ಲಿ ಒಂದೊಂದು ತುಂಡೂ ಎರಡಕ್ಷರದ ಜೋಡಿ: ಗ ಇದ್ದಲ್ಲಿ ಆ ಬರಿ, ಆ ಇದ್ದಲ್ಲಿ ಗ ಬರಿ, ಉಳಿದ ಜೋಡಿಗಳೂ ಹಾಗೇ. ಅಷ್ಟೇ! ಸೆವೆರಿನ್ ಅದನ್ನು ಪೇಪರ್ ಓದಿದ ಹಾಗೆ ಓದಿದ. ಅದೂ ಎಲ್ಲಿ? ಬೆಳಗಿನ ಸಾಲಿನಲ್ಲಿ, ಎರಡೂ ಶಿಬಿರ ನಿಂತಿರುವಾಗ.

"ನನಗೆ ಭಯ ಆಗ್ತಿದೆ ಮೆಲ್ಕಾ. ದಿನಾ ಸಂಜೆ ಅಡುಗೆಮನೆ ಹಿಂದೆ ಹೋಗಿ ಅಳ್ತೀನಿ. ಮಕ್ಕಳಿಗೆ ಹೇಳ್ಬೇಡ."

ಮೂವತ್ತು ಹುಡುಗರು ಹೊಟ್ಟೆ ಹಿಡ್ಕೊಂಡು ನಕ್ಕರು. ಊರಿಗೆ ಬಂದ ಮೇಲೂ ಟ್ರಾಮಿನಲ್ಲಿ ಕಂಡವರೆಲ್ಲ, "ಏನಮ್ಮಾ ನಾಯಕಿ, ಅಡುಗೆಮನೆ ಹಿಂದೆ ಜಾಗ ಖಾಲಿ ಇದೆಯಾ?" ಅಂತಿದ್ದರು. ಹೇಗೆ ಮರೀತಾಳೆ ಹೇಳಿ.

ಈ ವರ್ಷ ಸೇಡು ತೀರಿಸಲು ಅವಳು ದಳದ ಆರು ಪುಟ್ಟ ಹುಡುಗಿಯರನ್ನು ಆರಿಸಿಕೊಂಡಳು. ಅವರಲ್ಲಿ ಚೂಟಿ ಯಾಗ್ನಾ, ಒಂಬತ್ತು ವರ್ಷ, ಮುಂದಿನ ಎರಡು ಹಲ್ಲು ಇಲ್ಲ, ಬಾಯಿ ಮಾತ್ರ ಮೂರು ಮನೆಗಾಗುವಷ್ಟಿದೆ. ಕಾಡುಹಣ್ಣು ಆರಿಸೋಕೆ ಹೋದವಳು ಬಂದು, "ಅಕ್ಕ, ಅಕ್ಕ! ಬರ್ಚ್ ಮರದ ಪೊಟರೇಲಿ ಚೀಟಿ ಇದೆ!" ಅಂದಳು. ಸೆವೆರಿನ್ ತನ್ನ ಉಪನಾಯಕ ಇಗ್ನಾತ್ಸ್‌ಗೆ ಬಿಟ್ಟ ಚೀಟಿ. ಇಗ್ನಾತ್ಸ್ ಹಗಲೆಲ್ಲ ದೋಣಿಕಟ್ಟೆಯಲ್ಲಿ ಇರ್ತಿದ್ದ, ಅವನಿಗೆ ಸುದ್ದಿ ಹೋಗ್ತಿದ್ದದ್ದು ಈ ಪೊಟರೆಯಿಂದಲೇ. ಹುಡುಗಿಯರು ನಕಲು ಮಾಡಿಕೊಂಡು ಚೀಟಿ ಅಲ್ಲೇ ಇಟ್ಟು ಬಂದರು. ವಾರದಲ್ಲಿ ಏಳು ಚೀಟಿ ಸೇರಿದವು.

ಊಟವಾದ ಮೇಲೆ ಹಾಲ್ಷ್ಕಾ ಅವನ್ನು ಮೇಜಿನ ಮೇಲೆ ಹರಡಿದಳು. ಈ ಲಿಪಿ ಬೇರೆ. ಸೆವೆರಿನ್ ತಾನೇ ಕಟ್ಟಿದ್ದು, ಒಂದೊಂದು ಅಕ್ಷರಕ್ಕೂ ಬೇರೊಂದು ಅಕ್ಷರ.

"ಇದು ಆಗಲ್ಲ ಅಕ್ಕ, ಬರೀ ಗೊಜ್ಜು," ಅಂದಳು ಯಾಗ್ನಾ.

"ಬೀಗ ನೋಡ್ಬೇಡ್ರೇ, ಬೀಗ ಹಾಕಿದವನನ್ನ ನೋಡಿ. ಏಳೂ ಚೀಟಿಯ ಕೊನೇ ಪದ ನೋಡಿ, ಏನು ಕಾಣುತ್ತೆ?"

"ಎಲ್ಲದ್ರಲ್ಲೂ ಒಂದೇ ಪದ! ಆರು ಅಕ್ಷರ!"

"ಸ್ಕೌಟ್ ಆದವನು ಏನು ಬರೀದೆ ಕಾಗದ ಮುಗಿಸಲ್ಲ?"

ಆರೂ ಜನ ಒಟ್ಟಿಗೆ ಕಿರುಚಿದರು: "ಚುವಾಯ್!"

ಹೌದು, ಚುವಾಯ್. ಎಚ್ಚರವಾಗಿರು ಅಂತ. ನಮ್ಮ ಬರಹದಲ್ಲಿ ಸರಿಯಾಗಿ ಆರು ಅಕ್ಷರ. ಅದನ್ನು ಬರೆಯದೆ ಚೀಟಿ ಮುಗಿಸಿದರೆ ನಮಗೆ ಅಂಗಿ ಹಾಕದೆ ಬೀದಿಗೆ ಹೋದ ಹಾಗೆ. ಎಚ್ಚರ ಎಚ್ಚರ ಅಂತ ದಿನಾ ಬರೆದ ಮಹಾನುಭಾವ, ತನ್ನ ಬೀಗದ ಕೈಯನ್ನು ತಾನೇ ಪೊಟರೆಯಲ್ಲಿಟ್ಟು ಹೋಗಿದ್ದ! ಆರು ಅಕ್ಷರ ಸಿಕ್ಕವು. ಅವನ್ನು ಉಳಿದ ಪದಗಳಲ್ಲಿ ತುಂಬಿದಾಗ ಅರ್ಧಂಬರ್ಧ ಮಾತುಗಳು ಎದ್ದು ಬಂದವು. ಹುಡುಗಿಯರು ಊಹಿಸಿದರು, ಅಳಿಸಿದರು, ಜಗಳ ಆಡಿದರು. ಸಂಜೆಯ ಬ್ರೆಡ್ಡು ಜಾಮು ಬರುವಷ್ಟರಲ್ಲಿ ಮೊದಲ ಚೀಟಿ ಬಾಯಿಬಿಟ್ಟಿತು. ಊಟದ ಹೊತ್ತಿನಲ್ಲಿ ಬಾವುಟದ ಕಾವಲಿಗೆ ಒಬ್ಬನೇ ಇರುತ್ತಾನೆ ಅಂತ ಅದರಲ್ಲಿತ್ತು. ಐದನೇ ಚೀಟಿ ಓದಿದ್ದು ಯಾಗ್ನಾ.

"ಇವತ್ತೂ ಹುಡುಗರನ್ನ ಈಜಿಗೆ ನೀನೇ ಕರ್ಕೊಂಡು ಹೋಗು. ನನಗೆ ಕಿವಿನೋವು ಅಂತ ಹೇಳು. ನನಗೆ ಈಜು ಬರಲ್ಲ ಅಂತ ಯಾರಿಗೂ ಗೊತ್ತಾಗಬಾರದು." ಓದಿ ಅವಳು ತಲೆಯೆತ್ತಿದಳು. "ಪಾಪ ಅಲ್ವಾ ಅಕ್ಕ? ಇಷ್ಟು ದೊಡ್ಡೋನಾಗಿ!"

"ಪಾಪವಂತೆ ಪಾಪ! ನನ್ನ ನೋಡಿ ಅವನಿಗೆ ಪಾಪ ಅನ್ನಿಸ್ತೇನೇ?" ಹಾಲ್ಷ್ಕಾಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಖುಷಿಗೆ. "ಆದ್ರೆ ನಾನು ಅವನ ಹಾಗಲ್ಲ. ಯಾರ ಚೀಟೀನೂ ಓದಿ ಹೇಳಲ್ಲ. ನೀವೂ ಬಾಯಿ ಬಿಡಬಾರದು."

ಮಂಗಳವಾರ ಮಧ್ಯಾಹ್ನ ಹುಡುಗರು ಸೂಪು ಕುಡಿಯುತ್ತಿದ್ದಾಗ ಇವರು ಬಾವುಟ ಎತ್ತಿಕೊಂಡು ಬಂದರು. ಹಾಲ್ಷ್ಕಾ ಅದನ್ನು ದೋಣಿಯಲ್ಲಿ ಒಯ್ದು, ನೀರಿನ ನಡುವೆ ಲಂಗರು ಹಾಕಿದ್ದ ತೆಪ್ಪಕ್ಕೆ ಬಿಗಿದಳು. ದಡದಿಂದ ಐವತ್ತು ಮಾರು. ಹುಡುಗರ ಶಿಬಿರಕ್ಕೆ ಹೇಳಿ ಕಳಿಸಿದಳು: ನಾಯಕ ಒಬ್ಬನೇ ಬರಬೇಕು, ಈಜಿಕೊಂಡು ಹೋಗಿ ಬಿಡಿಸ್ಕೋಬೇಕು. ದೋಣಿ ಇಲ್ಲ.

ಎರಡೂ ಶಿಬಿರ ದಡಕ್ಕೆ ಬಂತು. ಸೆವೆರಿನ್ ತೆಪ್ಪವನ್ನು ನೋಡಿದ, ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ನಾನು ಹೋಗ್ತೀನಿ," ಅಂದ ಇಗ್ನಾತ್ಸ್.

"ನಾಯಕನೇ ಹೋಗ್ಬೇಕು," ಅಂದಳು ಹಾಲ್ಷ್ಕಾ. "ಯಾಕಪ್ಪಾ, ಕಿವಿನೋವಾ?"

ಅವನು ಅವಳನ್ನು ಗುರುಗುಟ್ಟಿ ನೋಡಿದ. ಶೂ ಬಿಚ್ಚಿದ. ಕಾಲುಚೀಲ ಮಡಚಿ ಶೂ ಒಳಗಿಟ್ಟ. ಈಜು ಬರಲ್ಲ ಅನ್ನು, ಒಂದು ಮಾತು ಅನ್ನು, ಎಲ್ಲರೆದುರು ಅನ್ನು ಅಂತ ಹಾಲ್ಷ್ಕಾ ಮನಸ್ಸಿನಲ್ಲೇ ಹಲ್ಲು ಕಡಿದಳು. ಅವನು ಅನ್ನಲಿಲ್ಲ. ಎಂಥ ಸೊಕ್ಕು ನೋಡಿ! ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೆ ತಳ ಸಿಗುವುದಿಲ್ಲ ಅಂತ ದಡದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಲ್ಷ್ಕಾ ತಡೆಯಲಿಲ್ಲ. ನೀರು ಅವನ ಕುತ್ತಿಗೆಗೆ ಏರುವುದನ್ನು ನೋಡುತ್ತ, ಇನ್ನೊಂದು ಹೆಜ್ಜೆ ಇಡಲಿ, ಇನ್ನೊಂದೇ ಒಂದು, ಅಂದುಕೊಂಡಳು. ಅವನು ಇಟ್ಟ.

"ಅಕ್ಕ! ಅವನಿಗೆ ಈಜು ಬರಲ್ಲ!" ಯಾಗ್ನಾ ಕಿರುಚಿದಳು. "ಚೀಟೀಲಿ ನಾವೇ ಓದಿದ್ವಲ್ಲ! ಕರೀ ಅಕ್ಕ ಅವನ್ನ, ಮುಳುಗ್ತಾನೆ!"

ಅರವತ್ತು ಜನಕ್ಕೆ ಕೇಳಿಸಿತು. ಹಾಲ್ಷ್ಕಾ ಇಡೀ ಚಳಿಗಾಲ ಕಾದಿದ್ದ ಗಳಿಗೆ ಇದೇ. ಯಾರೂ ನಗಲಿಲ್ಲ. ಯಾರೂ ಸೆವೆರಿನ್ ಕಡೆ ನೋಡಲೂ ಇಲ್ಲ, ಎಲ್ಲರೂ ನೋಡಿದ್ದು ಇವಳನ್ನು.

ಗಲ್ಲದವರೆಗೆ ನೀರಿನಲ್ಲಿ ನಿಂತ ಸೆವೆರಿನ್ ತಿರುಗಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನು ಅಳ್ತೀನಿ ಅಂತ ನಿನಗೂ ಗೊತ್ತಿತ್ತಲ್ಲ!"

ಯಾಗ್ನಾ ಅವಳ ತೋಳು ಹಿಡಿದು ಅಲುಗಿಸಿದಳು. "ಅತ್ರೆ ಯಾರಾದ್ರೂ ಸಾಯ್ತಾರಾ ಅಕ್ಕ?"

ಹಾಲ್ಷ್ಕಾ ಶೂ ಕಿತ್ತೆಸೆದು ನೀರಿಗೆ ಹಾರಿದಳು. ತೆಪ್ಪಕ್ಕೆ ಹೋಗಿ ಗಂಟು ಬಿಚ್ಚಿದಳು. ಹಾಳಾದ ಗಂಟು, ಸಿಟ್ಟಿನಲ್ಲಿ ಎಷ್ಟು ಬಿಗಿದಿದ್ದಳೆಂದರೆ ಬಿಚ್ಚುವಾಗ ಎರಡು ಉಗುರು ಹೋದವು. ಬಾವುಟ ತಂದು, ಅಷ್ಟರಲ್ಲಿ ದಡಕ್ಕೆ ವಾಪಸಾಗಿದ್ದ ಸೆವೆರಿನ್ ಕೈಗಿಟ್ಟಳು. ಅವನು ತಗೊಂಡ. ಇಬ್ಬರೂ ತೊಟ್ಟಿಕ್ಕುತ್ತ, ನಡುಗುತ್ತ ನಿಂತಿದ್ದರು.

ಯಾಗ್ನಾ ತನ್ನ ಟವೆಲ್ ತಗೊಂಡು ಓಡಿ ಬಂದಳು, ಹಾಲ್ಷ್ಕಾಳನ್ನು ದಾಟಿ ಹೋಗಿ ಸೆವೆರಿನ್‌ಗೆ ಕೊಟ್ಟಳು.