ಗೆರೆ ದಾಟುವ ಕಾಲು

ಕಾರ್ಗಲ್ಲಿನಿಂದ ತಾಳಗುಪ್ಪಕ್ಕೆ ಬಸ್ಸಿಗಿಂತ ಮೊದಲು ನಡೆದು ಮುಟ್ಟಿದವಳು ಈ ಕೆರಿಯಮ್ಮ. ಕವನಾ, ನೀನು ನನ್ನ ತಂಗಿಯ ಮೊಮ್ಮಗಳು, ನಿನ್ನ ಹತ್ತಿರ ಪೂರ್ತಿ ಸುಳ್ಳು ಹೇಳಬಾರದು. ಅದರಲ್ಲಿ ಅರ್ಧ ಸುಳ್ಳು. ಬಸ್ಸು ಕೆಟ್ಟು ನಿಂತಿತ್ತು. ನಡೆದದ್ದು ಮಾತ್ರ ನಿಜ.

ಅಂಥ ಕಾಲು ಹೋದ ವರ್ಷದಿಂದ ಹೊಸಿಲ ಹತ್ತಿರ ಬಂದರೆ ನೆಲಕ್ಕೆ ಅಂಟಿಕೊಳ್ಳತೊಡಗಿತು. ನೋವಿಲ್ಲ, ಊತವಿಲ್ಲ. ಮನಸ್ಸು ಆಚೆ ಹೋಗಿ ಏಳು ಊರು ಸುತ್ತಿ ಬಂದರೂ ಕಾಲು ಇಲ್ಲೇ.

ಸಾಗರದ ಡಾಕ್ಟರು, "ಕಾಲು ಚೆನ್ನಾಗಿದೆ ಅಜ್ಜಿ. ನಡಿ ಅಂತ ಮೆದುಳಿಂದ ಅಪ್ಪಣೆ ಸರಿಯಾಗಿ ಹೊರಡ್ತಾ ಇಲ್ಲ" ಎಂದರು.

"ನನ್ನ ಅಪ್ಪಣೆ ಮೀರಿದವ್ರೇ ಇಲ್ಲ. ಬೇಕಾದ್ರೆ ನಮ್ಮನೆಯವ್ರನ್ನ ಕೇಳಿ" ಎಂದೆ. ಅವರು ತೀರಿಕೊಂಡು ಆರು ವರ್ಷವಾಯಿತು ಎಂಬುದು ಆಮೇಲೆ ನೆನಪಾಯಿತು.

ಮಗಳು ಸರೋಜ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನನ್ನ ಜೊತೆ ಮಾತಾಡುವುದು ಫ್ರಿಜ್ಜೊಂದೇ. ಅದೂ ಬರೀ ಗೊಣಗುತ್ತದೆ. ಎದುರು ಮನೆಯಲ್ಲೇ ಬೆಳ್ಳಮ್ಮ ಇದ್ದಾಳೆ. ನಲವತ್ತು ವರ್ಷ ನಾವಿಬ್ಬರೂ ಸೇರಿ ಮದುವೆಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆದವರು. ಅವಳ ಮಗಳ ಮದುವೆಯಲ್ಲಿ ಎಲ್ಲರೆದುರು, "ನಿನ್ನ ಗೆರೆ ಕೋಳಿ ಕೆದಕಿದ ಹಾಗಿದ್ಯಲ್ಲೇ" ಎಂದುಬಿಟ್ಟೆ. ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾಳೆ. ಹೋಗಿ ತಪ್ಪಾಯಿತು ಅನ್ನೋಣವೆಂದು ಹೊರಟಾಗಲೇ ಕಾಲು ಕೈಕೊಟ್ಟಿತು.

ಒಂದು ಬೆಳಿಗ್ಗೆ ಸರೋಜ ಹೊಸಿಲ ಆಚೆ ರಂಗೋಲಿಯ ಅಡ್ಡಗೆರೆ ಎಳೆದು ಹೋಗಿದ್ದಳು. ನಾನು ಅದನ್ನೇ ನೋಡುತ್ತ ನಿಂತೆ. ಕಾಲು ತಾನಾಗಿ ಎದ್ದು ಗೆರೆ ದಾಟಿತು. ಬರೆದ ಗೆರೆ ತುಳಿದರೆ ಅವ್ವ ಹುಣಸೆ ಬರಲಿನಿಂದ ಬಾರಿಸುತ್ತಿದ್ದಳು. ಆ ಹೆದರಿಕೆ ಕಾಲಿಗಿನ್ನೂ ನೆನಪಿತ್ತು.

ಡಾಕ್ಟರು ಕೇಳಿ ನಕ್ಕರು. "ಅಭ್ಯಾಸದ ದಾರಿ ಮುಚ್ಚಿದೆ. ಕಣ್ಣಿಗೆ ಕಂಡದ್ದನ್ನ ದಾಟಕ್ಕೆ ಮೆದುಳಿಗೆ ಬೇರೆ ದಾರಿ ಇದೆ ಅಜ್ಜಿ."

ಸರಿ, ಚಿತ್ತಾರದ ಬಿಳಿ ಬಣ್ಣಕ್ಕೆ ರುಬ್ಬುವ ಹಾಗೆ ಅಕ್ಕಿ ರುಬ್ಬಿದೆ. ಕೋಲಿನ ತುದಿಗೆ ಬಟ್ಟೆ ಕಟ್ಟಿದೆ. ಮುಂದೊಂದು ಗೆರೆ ಎಳೆ, ದಾಟು. ಮತ್ತೊಂದು ಎಳೆ, ದಾಟು. ಮೊದಲ ದಿನ ಮೆಟ್ಟಿಲು. ಎರಡನೆಯ ದಿನ ಗೇಟು. ಮೂರನೆಯ ದಿನ ರಸ್ತೆಯಂಚು. ಬೆಳ್ಳಮ್ಮ ಕಿಟಕಿಯಿಂದ ನೋಡಿ ಪರದೆ ಎಳೆದಳು. ಆಮೇಲೂ ಪರದೆ ಅಲುಗುತ್ತಿತ್ತು.

ನಿನ್ನೆ ರಸ್ತೆಯ ನಡುವೆ ಹಿಟ್ಟು ಮುಗಿಯಿತು. ಅವಳ ಮನೆಗೆ ಇನ್ನು ನಾಲ್ಕೇ ಹೆಜ್ಜೆ. ಹಾಲಿನ ಗಾಡಿಯ ರವೀಶ್ ಹಾರ್ನ್ ಹೊಡೆದ.

"ಸ್ವಲ್ಪ ಸರೀರಿ ಅಜ್ಜಿ."

"ನೀನೇ ಸುತ್ತಿ ಹೋಗಾ. ನಾನು ಊರಿನ ಗಡಿಕಲ್ಲು."

ಅವನು ನಗುತ್ತ ಹೋದ. ನನಗೆ ನಗು ಬರಲಿಲ್ಲ. ಹಿಂದೆ ನನ್ನ ಗೆರೆಗಳಿದ್ದವು. ತಿರುಗುವ ಮನಸ್ಸಾಗಲಿಲ್ಲ.

ಬೆಳ್ಳಮ್ಮ ಬಾಗಿಲಿಗೆ ಬಂದಳು. "ಎಂತಕ್ಕೆ ನಿಂತ್ಯೇ ಕೆರಿಯಕ್ಕ?"

"ಹಿಟ್ಟು ಮುಗೀತು."

ರಸ್ತೆಯ ಮೇಲಿನ ಗೆರೆಗಳನ್ನು ನಿಧಾನವಾಗಿ ನೋಡಿದಳು. "ಕೋಳಿ ಕೆದಕಿದ ಹಾಗಿದೆ."

"ಹೌದು. ಅವತ್ತು ನಿಂದು ನೆಟ್ಟಗೇ ಇತ್ತು. ನಂಗೇ ಹೊಟ್ಟೆಕಿಚ್ಚು. ತಪ್ಪಾಯ್ತು ಮಾರಾಯ್ತಿ."

ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಅಡಿಗೆಮನೆಯಲ್ಲಿ ಮಿಕ್ಸಿ ಗುರ್ರೆಂದಿತು. ನೆನೆಯದ ಅಕ್ಕಿ ನುಣ್ಣಗಾಗುವುದಿಲ್ಲ. ಅಂದರೆ ಬೆಳಿಗ್ಗೆಯೇ ನೆನೆಹಾಕಿದ್ದಾಳೆ. ದೋಸೆಗೋ, ನನಗೋ? ನೀನೇ ಹೇಳು ನೋಡೋಣ, ಕವನಾ.