ಬಿಲದ ವರ್ಷಗಳು

"ಏಯ್ ಗೂನ! ನುಗ್ಗೋ ಒಳಗೆ, ಬೋಳಿಮಗನೇ. ಪೆಟ್ಟಿಗೆ ತಾನೇ ನಡ್ಕೊಂಡು ಹೋಗಿ ಮಲ್ಕೊಳ್ಳುತ್ತಾ?"

ಹೀಗೆಂದವನಿಗೆ ನನ್ನ ಮಗನ ವಯಸ್ಸು. ಸುಡುಬಿಸಿಲಲ್ಲೂ ಅವನ ಅಂಗಿಯ ಗೆರೆ ಮುರಿಯುವುದಿಲ್ಲ, ಅದಕ್ಕೇ ನಾವು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದೆವು. ನಮ್ಮ ಸಣ್ಣ ವಿಮಾನ ಕಂಪನಿಯನ್ನು ಕೊಂಡುಕೊಂಡ ದೊಡ್ಡ ಕಂಪನಿಯ ಮೇಲ್ವಿಚಾರಕ. ನಾನು ಲೋಡರು, ಪ್ರಯಾಣಿಕರ ಪೆಟ್ಟಿಗೆಗಳನ್ನು ವಿಮಾನಕ್ಕೆ ತುಂಬುವವನು. ಬೆನ್ನು ಬಾಗಿರುವುದರಿಂದ ಗೂನ. ನಮ್ಮವರು ಕರೆದರೆ ಅದು ಹೆಸರು, ಇವನು ಕರೆದರೆ ಬೈಗುಳ.

"ಡಾಕ್ಟ್ರು ಬಗ್ಗಬೇಡ ಅಂದಿದ್ದಾರೆ ಸಾರ್. ಇನ್ನೊಂದ್ಸಲ ಬಗ್ಗಿದ್ರೆ ಮೇಲೇಳಲ್ಲ ಅಂದ್ರು."

"ಡಾಕ್ಟ್ರು ಬೇರೆ ಇವನಿಗೆ! ಪಟ್ಟೀಲಿ ಎಲ್ಲಿದ್ದೀಯ ನೋಡ್ಕೊಂಡ್ಯಾ? ತಳದಲ್ಲಿದ್ದೀಯ. ತಳದಲ್ಲಿರೋನು ಬಿಲಕ್ಕೆ. ನಿಮ್ಮದೇ ಪದ್ಧತಿ ಅಲ್ವೇನೋ?"

ನಮ್ಮದೇ ಪದ್ಧತಿ, ಸುಳ್ಳಲ್ಲ. ನಮ್ಮ ಕಂಪನಿಯದು ರೆಕ್ಕೆಗೆ ಫ್ಯಾನು ಕಟ್ಟಿದ ಸಣ್ಣ ವಿಮಾನಗಳು. ಅವುಗಳ ಬಾಲದ ಹತ್ತಿರ ಪೆಟ್ಟಿಗೆ ತುಂಬುವ ಜಾಗಕ್ಕೆ ನಾವು ಬಿಲ ಎನ್ನುತ್ತಿದ್ದೆವು. ಒಳಗೆ ನಿಲ್ಲುವಂತಿಲ್ಲ, ನೆಟ್ಟಗೆ ಕೂರುವಂತಿಲ್ಲ. ಮಂಡಿಯೂರಿ, ಕತ್ತು ಬಗ್ಗಿಸಿ, ಬಾಗಿಲಲ್ಲಿ ನಿಂತವನು ಎಸೆದದ್ದನ್ನು ಎದೆಗೆ ಹಿಡಿದು ಮೂಲೆಗೆ ಜೋಡಿಸಬೇಕು. ಬಿಸಿಲಿಗೆ ತಗಡು ಕಾದರೆ ಬೆವರು ಕಣ್ಣಿಗಿಳಿದು ಯಾವುದು ಪೆಟ್ಟಿಗೆ, ಯಾವುದು ಗೋಡೆ ಎಂದು ತಿಳಿಯುವುದಿಲ್ಲ. ಹೊಸಬ ಬಂದರೆ ಅವನೇ ಬಿಲಕ್ಕೆ. ಅವನಿಗಿಂತ ಹೊಸಬ ಬರುವವರೆಗೆ ಅವನಿಗೆ ಬಿಡುಗಡೆಯಿಲ್ಲ. ನಮ್ಮಲ್ಲಿ ಹೊಸಬರು ಬರುವುದೇ ಅಪರೂಪ, ನನಗೆ ಒಂಬತ್ತು ವರ್ಷ ಹಿಡಿಯಿತು. ಈಚೆ ಬಂದ ದಿನ ಎಲ್ಲರೂ ಸೇರಿ ನನ್ನನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಬೆನ್ನಿಗೆ ಗುದ್ದಿದ್ದರು. "ಇವತ್ತಿಂದ ನೀನು ಕೆಲಸದೋನು ಕಣೋ" ಎಂದಿದ್ದರು. ಆ ಗುದ್ದು ತಿಂದು ನಾನು ಅತ್ತಿದ್ದೆ, ಸಂತೋಷಕ್ಕೆ.

ಈಗ ಅದೇ ಬಾಗಿಲು. ನುಗ್ಗಿದೆ. ಕೊನೆಯ ಪೆಟ್ಟಿಗೆ ಜೋಡಿಸುವ ಹೊತ್ತಿಗೆ ಸೊಂಟದಿಂದ ಕೆಳಗೆ ಕಾಲು ನನ್ನವೇ ಎಂಬ ಅನುಮಾನ ಬಂತು. ಇಸ್ತ್ರಿ ಕೈ ಚಾಚಲಿಲ್ಲ. ತೆವಳಿಕೊಂಡು ಈಚೆ ಬಿದ್ದೆ.

ಆ ಪಟ್ಟಿಯನ್ನು ಅವರು ಕ್ಯಾಂಟೀನಿನ ಗೋಡೆಗೆ, ಕೈ ತೊಳೆಯುವ ನಲ್ಲಿಯ ಪಕ್ಕದಲ್ಲೇ ಅಂಟಿಸಿದ್ದರು. ಎರಡು ಕಂಪನಿ ಒಂದಾದ ಮೇಲೆ ಸೇವೆಯ ವರ್ಷ ಎಣಿಸಿ ಯಾರು ಹಿರಿಯ, ಯಾರು ಕಿರಿಯ ಎಂದು ತೀರ್ಮಾನಿಸಿದ ಪಟ್ಟಿ. ಮೇಲೆ ಅವರ ಕಡೆಯವರು, ಕೆಳಗೆ ನಾವು. ನನಗಿಂತ ಹೊಸಬರು ಕಂಪನಿ ಕೈ ಬದಲಾದಾಗಲೇ ಕೆಲಸ ಬಿಟ್ಟಿದ್ದರು, ಹಾಗಾಗಿ ಕಟ್ಟಕಡೆಗೆ ನಾನು. ಅವರ ದೊಡ್ಡ ವಿಮಾನಗಳಿಗೆ ಪೆಟ್ಟಿಗೆ ಎತ್ತುವುದು ಯಂತ್ರ. ಬಿಲವೆಂದರೆ ಏನೆಂದು ಕಾಣದ ಹುಡುಗರು ನಮ್ಮ ತಲೆಯ ಮೇಲೆ ಕೂತಿದ್ದರು. ನಮ್ಮವರಲ್ಲಿ ಒಬ್ಬನೇ ಒಬ್ಬ ನಟ್ಟನಡುವೆ, ಆರಾಮವಾಗಿ ಇದ್ದ. ನನ್ನ ಹೆಂಡತಿಯ ಅಣ್ಣ, ನನ್ನ ಭಾವ.

ಕಂಪನಿಯವರ ಸಭೆಗಳಿಗೆ ನಮ್ಮ ಪರವಾಗಿ ಹೋಗುತ್ತಿದ್ದವನೂ ಭಾವನೇ. ನಾವೇ ಆರಿಸಿ ಕಳಿಸಿದ್ದೆವು, ಮಾತು ಬಲ್ಲವನು ಎಂದು. ಈಗ ಟ್ರ್ಯಾಕ್ಟರ್ ತಾತನ ಟ್ರ್ಯಾಕ್ಟರೂ ಅವನಿಗೇ ಸಿಕ್ಕಿತ್ತು. ತಾತ ನಮ್ಮೆಲ್ಲರಿಗಿಂತ ಹಿರಿಯ. ಪೆಟ್ಟಿಗೆಯ ಬಂಡಿಗಳನ್ನು ಎಳೆಯುವ ಆ ಟ್ರ್ಯಾಕ್ಟರಿನ ಸೀಟು ಅವನ ಕುಂಡೆಯ ಅಳತೆಗೇ ತಗ್ಗಾಗಿತ್ತು. ಆ ತಗ್ಗಿನಲ್ಲಿ ಭಾವ, ಕಂಪನಿ ಅವನೊಬ್ಬನಿಗೇ ಕೊಟ್ಟ ಹೊಸ ಬೂಟು ಹಾಕಿಕೊಂಡು ಕೂತ.

"ಬೇಲೀನೇ ಎದ್ದು ಹೊಲ ಮೇಯ್ತು," ಎಂದ ತಾತ ಮಧ್ಯಾಹ್ನ ಕ್ಯಾಂಟೀನಿನಲ್ಲಿ, ತಟ್ಟೆಯಿಂದ ತಲೆಯೆತ್ತದೆ.

ಭಾವ ಪಕ್ಕದ ಮೇಜಿನಲ್ಲಿದ್ದ. "ಯಾರಿಗೆ ಹೇಳ್ತಿದ್ದೀಯ ತಾತ?"

"ನಿನ್ನ ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲ್ಯಾಕೆ ಮುಟ್ಕೋತೀಯ?"

ಭಾವ ಅರ್ಧಕ್ಕೇ ಎದ್ದು ಹೋದ. ಯಾರೂ ಅವನ ಜೊತೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟಳು. ನಾನು ಗೋಡೆ ನೋಡಿಕೊಂಡೇ ಕೇಳಿದೆ:

"ನಿಮ್ಮಣ್ಣ ನಮ್ಮನ್ನ ಮಾರಿದ್ದು ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವಳ ಕೈ ನಿಂತಿತು. "ಏನಂದ್ರಿ?"

"ಹೋದ ವಾರ ಅವನ ಮನೆಗೆ ಹೋಗಿದ್ದೆಯಲ್ಲ. ಬೂಟು ನೋಡಿರ್ತೀಯ."

"ನಿಮ್ಮ ಬೆನ್ನು ಬಿದ್ದಾಗ ಆಸ್ಪತ್ರೆಗೆ ಹೊತ್ಕೊಂಡು ಹೋದವ್ನು ಯಾರು? ಆವಾಗ ಅವ್ನು ಒಳ್ಳೆ ಭಾವ, ಈಗ ಕಳ್ಳ." ಚೀಲವನ್ನು ಹಾಸಿಗೆಯ ಮೇಲೆ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಂತಳು. "ಅತ್ತಿಗೆ ಆ ಬೂಟನ್ನ ಮಂಚದ ಕೆಳಗೆ ಸರಿಸಿದ್ರು, ನಾನು ಒಳಗೆ ಬರ್ತಿದ್ದ ಹಾಗೆ," ಎಂದಳು. ಹೇಳಿದ್ದಕ್ಕೆ ತಾನೇ ಬೇಜಾರು ಮಾಡಿಕೊಂಡವಳಂತೆ ದೀಪ ಆರಿಸಿಬಿಟ್ಟಳು.

ಮರುದಿನ ಬಿಲ ತುಂಬಿ ಮುಗಿಸಿ ನಾನು ಚಕ್ರದ ನೆರಳಿನಲ್ಲಿ ಉದ್ದಕ್ಕೆ ಮಲಗಿದ್ದೆ. ಹಾರುವ ಮುಂಚೆ ಪೈಲಟ್‌ಗಳು ವಿಮಾನದ ಸುತ್ತ ಒಂದು ಸುತ್ತು ಬಂದು ನೋಡುವುದುಂಟು. ಆವತ್ತು ಬಂದವರು ನಮ್ಮ ಹಳೆಯ ಕಂಪನಿಯ ಕ್ಯಾಪ್ಟನ್.

"ಏನಯ್ಯಾ, ನೀನು ಇಲ್ಲಿ?"

"ಮತ್ತೆ ಬಿಲಕ್ಕೆ ಹಾಕಿದ್ರು ಸಾರ್."

"ನನ್ನದೂ ಅದೇ ಗತಿ ಆಗೋದಿತ್ತು. ಎಡಗಡೆ ಸೀಟಲ್ಲಿ ಕೂತು ಹಾರಿಸ್ತಿದ್ದೋನನ್ನ ಮತ್ತೆ ಬಲಗಡೆ ಕೂರಿಸಿ, ನಿನ್ನೆ ಮೊನ್ನೆ ಮೀಸೆ ಬಂದವನ ಕೈಕೆಳಗೆ ಹಾಕ್ತೀವಿ ಅಂದ್ರು. ನಾವು ಬಿಡ್ತೀವಾ? ವಕೀಲರನ್ನ ಕೂರಿಸಿದ್ವಿ, ಹೋಟೆಲ್ಲಲ್ಲಿ ತಿಂಗಳುಗಟ್ಟಲೆ ಜಗಳ ಆಡಿದ್ವಿ. ಮೊದಲನೇ ದಿನದಿಂದ ಒಂದು ಗಂಟೆನೂ ಬಿಡದೆ ಲೆಕ್ಕ ಹಾಕಿಸಿದ್ವಿ."

"ಮೊದಲನೇ ದಿನ ಅಂದ್ರೆ? ಕಲೀತಿದ್ದ ದಿನಾನೂ ಸೇರಿಸಿ?"

"ಮತ್ತೆ? ಕಂಪನಿಗೆ ಕಾಲಿಟ್ಟ ದಿನದಿಂದ. ನಿಮ್ಮ ಲೆಕ್ಕ ತಗೊಳ್ಳೋಕೆ ಯಾರು ಬಂದಿದ್ರು?"

ನಮ್ಮ ಲೆಕ್ಕಕ್ಕೆ ದೊಡ್ಡ ಕಂಪನಿಯಿಂದ ಬಂದಿದ್ದವಳು ಒಬ್ಬಳು ಮೇಡಂ. ಗೋದಾಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದು, ಚಹಾ ತರಿಸಿಕೊಟ್ಟು, ಮನೆಯವರನ್ನೆಲ್ಲ ವಿಚಾರಿಸಿದ್ದಳು. ಅಷ್ಟು ಮರ್ಯಾದೆಯಿಂದ ನಮ್ಮನ್ನು ಯಾರೂ ಮಾತಾಡಿಸಿದ್ದೇ ಇಲ್ಲ. ಆಮೇಲೆ ಕೇಳಿದ್ದಳು, "ಎಷ್ಟು ವರ್ಷ ಆಯ್ತು ನೀವು ಕೆಲಸದೋರಾಗಿ?"

ನಾವು ಎದೆಯುಬ್ಬಿಸಿ ಹೇಳಿದ್ದೆವು. ಬಿಲದಿಂದ ಈಚೆ ಬಂದ ವರ್ಷದಿಂದ ಲೆಕ್ಕ ಹಾಕಿ. ನಮ್ಮಲ್ಲಿ ಹಾಗೇ ಹೇಳುವುದು. ಬಿಲದ ವರ್ಷ ಸೇರಿಸಿ ಹೇಳಿದವನನ್ನು "ತೊಟ್ಟಿಲಲ್ಲಿದ್ದದ್ದನ್ನೂ ಸೇವೆಗೆ ಸೇರಿಸ್ತಾನೆ ನೋಡ್ರೋ" ಎಂದು ಗೇಲಿ ಮಾಡಿ ಸಾಯಿಸುತ್ತಿದ್ದೆವು. ನಾನು ಒಂಬತ್ತು ವರ್ಷವನ್ನು ಚಹಾ ಹೀರುತ್ತಾ ನುಂಗಿದ್ದೆ. ತಾತ ಅದಕ್ಕಿಂತ ಹೆಚ್ಚು. ಕೊನೆಗೆ ಅವಳು ತೋರಿಸಿದ ಕಡೆ ಎಲ್ಲರೂ ಸಹಿ ಹಾಕಿದ್ದೆವು.

ನಾನು ಹೇಳಿ ಮುಗಿಸಿದಾಗ ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದರು. "ಅಯ್ಯೋ ದಡ್ಡಾ," ಎಂದರು ಮೆಲ್ಲಗೆ. ಗಡಿಯಾರ ನೋಡಿಕೊಂಡು ಮೆಟ್ಟಿಲು ಹತ್ತಿಹೋದರು.

ಮೇಡಂ ಕೂರುವ ಕಚೇರಿಯಲ್ಲಿ ತಣ್ಣನೆಯ ಗಾಳಿ ಬರುತ್ತಿತ್ತು. ನಾನೂ ತಾತನೂ ಹೋದೆವು. ಭಾವನನ್ನು ತಾತ ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದ. ಅವಳು ಕೂರಿ ಎನ್ನಲಿಲ್ಲ. ಈ ಸಲ ಚಹಾ ಇಲ್ಲ.

"ತಪ್ಪಾಗಿದೆ ಮೇಡಂ," ಎಂದೆ. "ನಾವು ಬಿಲದಲ್ಲಿದ್ದ ವರ್ಷ ಬಿಟ್ಟು ಹೇಳಿದ್ವಿ. ಅದನ್ನ ಸೇರಿಸ್ಬೇಕು."

"ನಿಮ್ಮ ಬಾಯಲ್ಲಿ ನೀವೇ ಹೇಳಿದ್ದು ತಾನೇ?"

"ಹೌದು. ಆದ್ರೆ ನಮ್ಮ ಹಳೇ ಕಂಪನಿ ದಾಖಲೇಲಿ ಸರಿಯಾಗಿರುತ್ತೆ. ಒಂದ್ಸಲ ನೋಡಿದ್ರೆ..."

"ನೋಡಿದ್ದೀನಿ."

ತಾತನಿಗೆ ಅರ್ಥವಾಗಲಿಲ್ಲ. "ಏನ್ ನೋಡಿದ್ದೀರಿ ತಾಯಿ?"

"ದಾಖಲೆ. ಅದರಲ್ಲಿ ಜಾಸ್ತಿ ಇದೆ, ನೀವು ಕಡಿಮೆ ಹೇಳಿದ್ರಿ. ಹೇಳಿದ್ದಕ್ಕೆ ಸಹಿ ಹಾಕಿದ್ರಿ. ಬಿಟ್ಟುಕೊಡೋರನ್ನ ನಾನು ತಡೀಲಾ?" ಅವಳು ಕಂಪ್ಯೂಟರಿನ ಕಡೆ ತಿರುಗಿದಳು. "ಕಾಲು ಒರೆಸ್ಕೊಂಡು ಬರಬೇಕಿತ್ತು. ನೋಡಿ ನೆಲ ಹೇಗಾಗಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಬಾಯಿಂದ ಮುತ್ತು ಬೀಳುವುದನ್ನೇ ಕಾಯುತ್ತಾ ಆ ಹೆಂಗಸು ಸೆರಗೊಡ್ಡಿ ಕೂತಿದ್ದಳು. ನನಗೆ ಆ ಮೇಜನ್ನು ಎತ್ತಿ ಅವಳ ಮೇಲೆ ಹಾಕಬೇಕೆನಿಸಿತು. ಎತ್ತುವ ಬೆನ್ನು ಎಲ್ಲಿದೆ?

ಹೊರಗೆ ಬರುತ್ತಲೇ ತಾತ ಭಾವನ ಕೊರಳಪಟ್ಟಿ ಹಿಡಿದ. "ನಾವು ದಡ್ಡ ಸೂಳೆಮಕ್ಕಳು, ಆಯ್ತು. ನೀನು ಹೆಂಗೆ ಪೂರ್ತಿ ಹೇಳ್ದೆ? ನಿಂಗೊಬ್ಬನಿಗೆ ಯಾರು ಕಲಿಸಿದ್ದು?"

"ಅವಳೇ!" ಭಾವನ ಧ್ವನಿ ಒಡೆಯಿತು. "ಬಿಲದ ವರ್ಷಾನೂ ಸೇರಿಸಿ ಹೇಳಿ ಅಂದ್ಲು. ಎಲ್ರಿಗೂ ಹಂಗೇ ಅಂದಿರ್ತಾಳೆ ಅಂದ್ಕೊಂಡೆ. ಸತ್ಯವಾಗ್ಲೂ ತಾತ."

"ಪಟ್ಟಿ ನೋಡಿದ ಮೇಲೆ?"

ಭಾವ ಕೊರಳಪಟ್ಟಿ ಬಿಡಿಸಿಕೊಳ್ಳಲು ನೋಡಿದ.

"ಪಟ್ಟಿ ನೋಡಿದ ಮೇಲೆ ಗೊತ್ತಾಯ್ತಲ್ಲ, ಆವಾಗ್ಯಾಕೆ ಬೊಗಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?" ಎಂದು ಅವನು ನನ್ನ ಕಡೆ ತಿರುಗಿದ. "ನೀನು ನಂಬ್ತಿದ್ದೆಯೇನೋ, ಗೂನ?"

ಅವನನ್ನು ನಮ್ಮಿಂದ ಬೇರೆ ಮಾಡಲೆಂದೇ ಅವಳು ಅವನೊಬ್ಬನಿಗೆ ಹೇಳಿಕೊಟ್ಟಿರಬಹುದು. ಇಲ್ಲವೇ ಅವನೇ ಕೇಳಿ ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿರಬಹುದು. ನಮ್ಮನ್ನು ಬಿಲಕ್ಕೆ ಹಾಕಿದ್ದು ನಮ್ಮದೇ ಬಾಯಿ ಎಂದು ಗೊತ್ತಾದ ಮೇಲೂ ಭಾವನ ಬೂಟಿನ ಮೇಲಿಂದ ನನ್ನ ಕಣ್ಣು ಕದಲುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಮಾಡಿದ್ದನ್ನು ಯಾರಿಗೂ ಹೇಳಿ ಮಾಡಲಿಲ್ಲ. ಹೇಳಿದರೆ ಯಾರ ಬಾಯಿಂದ ಇಸ್ತ್ರಿಯ ಕಿವಿ ಮುಟ್ಟೀತೋ ಎಂಬ ಭಯ. ಹೆಂಡತಿಗೂ ಹೇಳಲಿಲ್ಲ.

ಪ್ರಯಾಣಿಕರು ಹತ್ತುತ್ತಿದ್ದರು. ಇಸ್ತ್ರಿ ಬಾಯಿ ತೆರೆಯುವ ಮುಂಚೆಯೇ ನಾನು ಬಿಲಕ್ಕೆ ನುಗ್ಗಿ, ತೆವಳಿಕೊಂಡು ಕಟ್ಟಕಡೆಯ ಮೂಲೆಗೆ ಹೋಗಿ, ಕಾಲು ಚಾಚಿ ಕೂತೆ. ಮೊದಲ ಪೆಟ್ಟಿಗೆ ಬಂತು. ಹಿಡಿಯಲಿಲ್ಲ. ನನ್ನ ಕಾಲಿಗೆ ಬಡಿದು ನಿಂತಿತು.

"ಏಯ್! ಸತ್ತೋದ್ಯೇನೋ ಒಳಗೆ?"

"ಇಲ್ಲ ಸಾರ್. ಸೇವೆ ಮಾಡ್ತಿದ್ದೀನಿ. ಇಲ್ಲಿ ಕೂತಿದ್ದು ಲೆಕ್ಕಕ್ಕೆ ಬರೋವರೆಗೂ ಈಚೆ ಬರಲ್ಲ."

ಇಸ್ತ್ರಿ ಬಗ್ಗಿ ಒಳಗೆ ನೋಡಿದ. ಕತ್ತಲೆ, ಶಾಖ. ಒಂದು ಮಂಡಿ ಊರಿದವನು ಪ್ಯಾಂಟು ನೋಡಿಕೊಂಡು ಎದ್ದುಬಿಟ್ಟ. "ಏ ಮುದುಕ, ಹೋಗಿ ಎಳ್ಕೊಂಡು ಬಾರೋ ಆ ಕತ್ತೇನ!"

ತಾತ ಏದುಸಿರು ಬಿಡುತ್ತಾ ತೆವಳಿಕೊಂಡು ಬಂದ. ನನ್ನ ಕೈ ಹಿಡಿದ. ಎಳೆಯುತ್ತಾನೆ ಎಂದುಕೊಂಡು ನಾನು ಗೋಡೆಯ ಪಕ್ಕೆಲುಬಿನಂತಿದ್ದ ಕಂಬಿ ಹಿಡಿದುಕೊಂಡೆ. "ಸರಿಯೋ ಸ್ವಲ್ಪ," ಎಂದ. "ನಂಗೂ ಜಾಗ ಬೇಕು." ಕಂಬಿ ಬಿಟ್ಟು ಸರಿದೆ. ತಾತನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಒಬ್ಬರ ಮಂಡಿ ಒಬ್ಬರ ಎದೆಗೆ. ಬೆವರಿನ ವಾಸನೆ. ಬಂದವರನ್ನೆಲ್ಲ ನಾನು ಒಳಗೊಳಗೇ ಅಳೆಯುತ್ತಿದ್ದೆ. ಮೊದಲು ಈಚೆ ಹೋಗುವವನು ಯಾರು? ಅವರೂ ನನ್ನನ್ನು ಹಾಗೇ ಅಳೆಯುತ್ತಿದ್ದಿರಬೇಕು.

ಕೊನೆಗೆ ಟ್ರ್ಯಾಕ್ಟರಿನ ಸದ್ದು ನಿಂತಿತು. ಬಾಗಿಲ ಬೆಳಕು ಮುಚ್ಚಿಕೊಂಡಿತು. ಭಾವ ಒಳಗೆ ಬಂದು ಬಾಗಿಲ ಅಂಚಿಗೇ ಕೂತ. ನಾನು ಜನರ ಮೇಲೆ ತೆವಳಿಕೊಂಡು ಅವನ ಹಿಂದಕ್ಕೆ ಬಂದು ಕೂತೆ. ಬೆನ್ನು ಬೆಂಕಿಯಾಗಿತ್ತು.

"ನೀವಾದ್ರೂ ತಿಳಿದೋರು," ಇಸ್ತ್ರಿಯ ಧ್ವನಿ ಇದ್ದಕ್ಕಿದ್ದಂತೆ ಬೆಣ್ಣೆಯಾಗಿತ್ತು. ಭಾವನಿಗೆ ಬಹುವಚನ. "ಸೀನಿಯರ್ ನೀವು. ಇವರ ಜೊತೆ ಸೇರಿ ಹಾಳಾಗ್ಬೇಡಿ. ಈಚೆ ಬನ್ನಿ, ಮೇಲ್ವಿಚಾರಕರ ಕೆಲಸಕ್ಕೆ ನಾನೇ ನಿಮ್ಮ ಹೆಸರು ಹೇಳ್ತೀನಿ. ಮೇಡಮ್ಮೂ ಅದನ್ನೇ ಅಂತಿದ್ರು."

ಮೇಲೆ ಪ್ರಯಾಣಿಕರ ಕಾಲು ಸಪ್ಪಳ ನಿಂತಿತ್ತು. ಭಾವ ಕದಲಿದ. ಮೈ ಮುಂದಕ್ಕೆ ಚಾಚಿ ಬಾಗಿಲ ಕಡೆಗೆ ಜರುಗಿದ.

ನಾನು ಅವನ ಕಣಕಾಲು ಹಿಡಿದುಕೊಂಡೆ.

"ಬಿಡೋ," ಎಂದ ಭಾವ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಕಣೋ. ಬಲೆ ಹಾಕ್ಬೇಕು."

ಪೆಟ್ಟಿಗೆಗಳು ಉರುಳದಂತೆ ಬಾಗಿಲಿಗೆ ಅಡ್ಡ ಕಟ್ಟುವ ದಪ್ಪ ಬಲೆಯನ್ನು ಅವನು ಒಳಗಿನಿಂದ ಎಳೆದುಕೊಂಡ. ಮೇಲಿನ ಕೊಂಡಿ ಸಿಕ್ಕಿಸಿದ. ಇಸ್ತ್ರಿ ಆಚೆಯಿಂದ ಬಲೆಗೆ ಕೈ ಹಾಕಿ ಅಲುಗಾಡಿಸುತ್ತಾ ನಮ್ಮ ತಾಯಂದಿರನ್ನೆಲ್ಲ ಹಿಡಿದು ಬೈಯುತ್ತಿದ್ದ. ಭಾವ ಬದಿಯ ಕೊಂಡಿ ಸಿಕ್ಕಿಸಿದ. ಕೆಳಗಿನದಕ್ಕೆ ತಡಕಾಡಿದ.

ಅದು ಟಕ್ಕೆಂದು ಕಚ್ಚಿಕೊಳ್ಳುವವರೆಗೂ ನಾನು ಆ ಕಾಲು ಬಿಡಲಿಲ್ಲ.